ಓಟ ಮುಗಿಸಿದ ಗ್ರೇಹೌಂಡ್ ಮನೆಗೆ ಬಂದಾಗ

[ದೃಶ್ಯ: ಮೆಟ್ಟಿಲ ಬುಡದಲ್ಲಿ ತೆಳ್ಳಗಿನ ನಾಯಿ. ಮುಂಗಾಲು ಎತ್ತುತ್ತದೆ, ಮತ್ತೆ ಇಳಿಸುತ್ತದೆ.]

ಗಂಟೆಗೆ ಸುಮಾರು 70 ಕಿಲೋಮೀಟರ್ ವೇಗ ಮುಟ್ಟಬಲ್ಲ ನಾಯಿ ಇದು. ಈಗ ಮೂರು ಮೆಟ್ಟಿಲು ಹತ್ತಲಾರದೆ ನಿಂತಿದೆ. ಕಾಲು ನೋವಲ್ಲ, ಮೊಂಡುತನವೂ ಅಲ್ಲ. ಹುಟ್ಟಿದಾಗಿನಿಂದ ಅದು ಮೆಟ್ಟಿಲನ್ನೇ ಹತ್ತಿಲ್ಲ.

ನಮಸ್ಕಾರ. ರೇಸಿನಿಂದ ನಿವೃತ್ತವಾದ ಗ್ರೇಹೌಂಡನ್ನು ಸಾಕಲು ಹೊರಟವರು ಮೊದಲು ಕೇಳುವುದು, "ಇದನ್ನು ದಿನವಿಡೀ ಓಡಿಸಬೇಕೇ?" ಎಂದು. ಬೇಡ. ಇದು ಅರ್ಧ ನಿಮಿಷದ ಓಟಗಾರ. ಸಾಮಾನ್ಯ ರೇಸ್ 500 ಮೀಟರಿನ ಆಸುಪಾಸು. ಮೂವತ್ತು ಸೆಕೆಂಡಿನಲ್ಲಿ ಕಥೆ ಮುಗಿಯುತ್ತದೆ. ಉಳಿದದ್ದು ಬಹುಪಾಲು ನಿದ್ದೆ. ದಿನಕ್ಕೆರಡು ನಡಿಗೆ ಸಾಕು. ಹಾಸಿಗೆ ಮಾತ್ರ ಮೆತ್ತಗಿರಲಿ, ಏಕೆಂದರೆ ಮೈಯಲ್ಲಿ ಕೊಬ್ಬಿಲ್ಲದೆ ಮೂಳೆ ನೆಲಕ್ಕೆ ಒತ್ತುತ್ತದೆ. ಸೋಫಾ ತನ್ನದೆಂದು ಅದು ತೀರ್ಮಾನಿಸಿದರೆ, ಮೇಲ್ಮನವಿಗೆ ಅವಕಾಶವಿಲ್ಲ.

ಇವು ಎಲ್ಲಿಂದ ಬರುತ್ತವೆ? ಇಂಗ್ಲೆಂಡ್, ಐರ್ಲೆಂಡ್, ಆಸ್ಟ್ರೇಲಿಯಾಗಳ ರೇಸ್ ಟ್ರ್ಯಾಕ್‌ಗಳಿಂದ. ಅಮೆರಿಕದ ಫ್ಲಾರಿಡಾದಲ್ಲಿ 2018ರಲ್ಲಿ ಮತದಾರರು ಈ ರೇಸಿನ ಬಾಜಿಗೆ ಬೇಡವೆಂದರು. 2020ರ ಕೊನೆಗೆ ಅಲ್ಲಿ ಓಟ ನಿಂತಿತು. ಸಾಮಾನ್ಯವಾಗಿ ಮೂರರಿಂದ ಐದು ವರ್ಷದೊಳಗೆ, ಗಾಯದಿಂದಲೋ ವೇಗ ಕುಗ್ಗಿಯೋ, ನಾಯಿ ಟ್ರ್ಯಾಕ್ ಬಿಡುತ್ತದೆ. ಆಯುಸ್ಸು ಹತ್ತು ಹನ್ನೆರಡು ವರ್ಷ. ಲೆಕ್ಕ ನೀವೇ ಹಾಕಿ.

[ದೃಶ್ಯ: ಗಾಜಿನ ಬಾಗಿಲು. ಕಣ್ಣಿನ ಮಟ್ಟದಲ್ಲಿ ಬಣ್ಣದ ಟೇಪ್.]

ಹಾಗಾಗಿ ನೀವು ತರುವುದು ಮರಿಯಲ್ಲ, ಮನೆಯೆಂದರೇನೆಂದು ತಿಳಿಯದ ವಯಸ್ಕ ನಾಯಿ. ಗಾಜು ಅದಕ್ಕೆ ಬರೀ ಗಾಳಿ. ಟೇಪ್ ಅಂಟಿಸದಿದ್ದರೆ ನೇರ ಹೋಗಿ ಗುದ್ದುತ್ತದೆ. ನುಣುಪು ನೆಲದಲ್ಲಿ ಹೆಜ್ಜೆ ಇಡಲು ಹೆದರುತ್ತದೆ. ಮೆಟ್ಟಿಲು ಕಲಿಸಲು ಒಬ್ಬರು ಹಿಂದೆ ನಿಂತು ಒಂದೊಂದೇ ಪಾದ ಎತ್ತಿಡಬೇಕು. ಅವಸರಪಡಿಸಿದರೆ ಕೆಲಸ ಕೆಟ್ಟಿತು. ಇನ್ನೊಂದು ವಿಷಯ ಹಲವರಿಗೆ ಹೊಳೆಯುವುದೇ ಇಲ್ಲ: ರೇಸಿನ ದಿನಗಳಲ್ಲಿ ಅದು ಇದ್ದ ನಾಯಿಗೂಡುಗಳ ಸಾಲಿನಲ್ಲಿ ಸುತ್ತಮುತ್ತ ಸದಾ ಬೇರೆ ನಾಯಿಗಳಿರುತ್ತಿದ್ದವು. ಒಂಟಿತನ ಅದಕ್ಕೆ ಹೊಸದು. ಮೊದಲ ವಾರವೇ ಎಂಟು ಗಂಟೆ ಬೀಗ ಹಾಕಿ ಹೋಗಬೇಡಿ. ಐದು ನಿಮಿಷದಿಂದ ಶುರುಮಾಡಿ.

ಈಗ ಹೇಳುವುದು ಮಕ್ಕಳಿರುವ ಮನೆಗೆ. ಮಲಗಿದ್ದಾಗ ಯಾರೂ ಬಂದು ತಬ್ಬಿಕೊಂಡ ಅನುಭವ ಇದಕ್ಕಿಲ್ಲ. ಕೆಲವು ಗ್ರೇಹೌಂಡ್‌ಗಳು ಕಣ್ಣು ತೆರೆದೇ ನಿದ್ರಿಸುತ್ತವೆ. ಎಚ್ಚರವಿದೆಯೆಂದು ಮುಟ್ಟಿದರೆ ಬೆಚ್ಚಿ ಗುರ್ರೆನ್ನಬಹುದು, ಕಚ್ಚಲೂಬಹುದು. ಇದನ್ನು ಕೋಪವೆಂದು ತಿಳಿದು ನಾಯಿಯನ್ನು ವಾಪಸು ಕಳಿಸುವುದು ಅನ್ಯಾಯ. ಮೊದಲು ಹೆಸರು ಕರೆಯಿರಿ, ತಲೆ ಎತ್ತಲಿ, ಆಮೇಲೆ ಮುಟ್ಟಿ. ಹಾಸಿಗೆ ಅದರದು, ಮಗು ಅಲ್ಲಿಗೆ ಹೋಗಕೂಡದು.

ಬೆಕ್ಕು ಮನೆಯಲ್ಲಿದ್ದರೆ? ಮುಂದೆ ಓಡುವುದನ್ನು ಬೆನ್ನಟ್ಟುವುದೇ ಇದರ ಕಸುಬಾಗಿತ್ತು. ಕೆಲವು ಹೊಂದಿಕೊಳ್ಳುತ್ತವೆ, ಕೆಲವು ಎಂದಿಗೂ ಇಲ್ಲ. ದತ್ತು ಕೊಡುವವರಲ್ಲಿ ಬೆಕ್ಕಿನ ಜೊತೆ ಪರೀಕ್ಷಿಸಿದ್ದೀರಾ ಎಂದು ಕೇಳಿ. ಮನೆಯಲ್ಲಿ ಮೊದಲ ಭೇಟಿ ಬಾಯಿಬುಟ್ಟಿ ಹಾಕಿಯೇ ಆಗಲಿ. ಬೇಲಿಯಿಲ್ಲದ ಬಯಲಿನಲ್ಲಿ ಹಗ್ಗ ಬಿಚ್ಚಲೇಬೇಡಿ, ನೀವು ಕರೆಯುವಷ್ಟರಲ್ಲಿ ಅದು ರಸ್ತೆ ದಾಟಿರುತ್ತದೆ. ಕುತ್ತಿಗೆ ತಲೆಯಷ್ಟೇ ದಪ್ಪವಿರುವುದರಿಂದ ಸಾಮಾನ್ಯ ಕಾಲರ್ ಜಾರುತ್ತದೆ; ಎಳೆದಾಗ ತುಸು ಬಿಗಿಯುವ ಮಾರ್ಟಿಂಗೇಲ್ ಕಾಲರ್ ಬೇಕು.

[ದೃಶ್ಯ: ರಕ್ತಪರೀಕ್ಷೆಯ ವರದಿ.]

ಪಶುವೈದ್ಯರಿಗೆ "ಇದು ಗ್ರೇಹೌಂಡ್" ಎಂದು ಒತ್ತಿ ಹೇಳಿ. ಇದರ ರಕ್ತದಲ್ಲಿ ಕೆಂಪು ಕಣಗಳ ಪ್ರಮಾಣ ಬೇರೆ ತಳಿಗಳಿಗಿಂತ ಹೆಚ್ಚು, ಪ್ಲೇಟ್‌ಲೆಟ್ ಕಡಿಮೆ, ಥೈರಾಯ್ಡ್ ಹಾರ್ಮೋನೂ ಕಡಿಮೆ. ಇದಕ್ಕೆ ಇದೇ ಸಹಜ. ತಿಳಿಯದಿದ್ದರೆ ಇಲ್ಲದ ಕಾಯಿಲೆಗೆ ಮಾತ್ರೆ ಶುರುವಾಗುತ್ತದೆ. ಥಯೋಪೆಂಟಾಲ್‌ನಂಥ ಅರಿವಳಿಕೆಯಿಂದ ಇದು ಏಳುವುದೂ ತೀರಾ ನಿಧಾನ. ಇದ್ದಕ್ಕಿದ್ದಂತೆ ಕುಂಟಿದರೆ ಉಳುಕೆಂದು ವಾರಗಟ್ಟಲೆ ಕಾಯಬೇಡಿ; ಮೂಳೆಯ ಕ್ಯಾನ್ಸರ್ ಈ ತಳಿಯಲ್ಲಿ ಹೆಚ್ಚು.

[ದೃಶ್ಯ: ಕಿವಿಯೊಳಗಿನ ಹಚ್ಚೆ, ಹತ್ತಿರದಿಂದ.]

ನಾಯಿ ಅಮೆರಿಕದ್ದಾದರೆ ಬಲಗಿವಿ ಮಗುಚಿ ನೋಡಿ. "38ಬಿ" ಎಂದಿದ್ದರೆ ಅದು ಮಾರ್ಚ್‌ನಲ್ಲಿ, 8ರಿಂದ ಕೊನೆಗೊಳ್ಳುವ ವರ್ಷದಲ್ಲಿ ಹುಟ್ಟಿದ್ದು. ಆ ಸೂಲಿನಲ್ಲಿ ಎರಡನೆಯದೆಂದು ದಾಖಲಾದ ಮರಿ. ಎಡಗಿವಿಯಲ್ಲಿ ಆ ಸೂಲಿನ ನೋಂದಣಿ ಸಂಖ್ಯೆ. ಎರಡನ್ನೂ ಬರೆದಿಟ್ಟುಕೊಳ್ಳಿ, ವಯಸ್ಸಾದಂತೆ ಹಚ್ಚೆ ಮಸುಕಾಗುತ್ತದೆ.