ಆಕಾಶದಲ್ಲಿ ಸರದಿ ಕಾಯುವುದು

ಕೇಳುಗರಿಗೆ ನಮಸ್ಕಾರ.

ವಿಮಾನ ಇನ್ನೇನು ಇಳಿಯಿತು ಅನ್ನುವಾಗ ರೆಕ್ಕೆ ವಾಲುತ್ತದೆ. ಆಗಲೇ ಕಂಡಿದ್ದ ಕೆರೆ ಕಿಟಕಿಯಲ್ಲಿ ಮತ್ತೆ ಕಾಣುತ್ತದೆ. ಸ್ವಲ್ಪ ಹೊತ್ತಿಗೆ ಮತ್ತೊಮ್ಮೆ. ಸುಮ್ನೆ ಯಾಕೆ ಸುತ್ತಿಸುತ್ತಾರೋ ಅಂತ ಪಕ್ಕದವರು ಗೊಣಗುತ್ತಾರೆ. ಆದರೆ ಆ ಹೊತ್ತಿನಲ್ಲಿ ಪೈಲಟ್‌ಗೆ ಕೈತುಂಬ ಕೆಲಸ. ಹೀಗೆ ಸುತ್ತುತ್ತಾ ಕಾಯುವುದಕ್ಕೆ ಹೋಲ್ಡಿಂಗ್ ಅನ್ನುತ್ತಾರೆ.

ಕೆಳಗೆ ಮಂಜು ಕವಿದಿರಬಹುದು, ಇಳಿಯುವವರ ಸಾಲು ಉದ್ದ ಇರಬಹುದು. ಬಸ್ಸಾದರೆ ರಸ್ತೆ ಪಕ್ಕ ನಿಲ್ಲಿಸಬಹುದು, ಅಲ್ವಾ? ವಿಮಾನ ಹಾರುತ್ತಲೇ ಕಾಯಬೇಕು. ಅದಕ್ಕೇ ನಕ್ಷೆಯಲ್ಲಿ ಗುರುತಿಸಿದ ಒಂದು ಬಿಂದು ಹಿಡಿದು, ಕುದುರೆ ರೇಸಿನ ಟ್ರ್ಯಾಕ್‌ನಂಥ ಹಾದಿಯಲ್ಲಿ ಸುತ್ತುತ್ತದೆ. ಬಿಂದು ದಾಟಿ ಬಲಕ್ಕೆ ಹೊರಳಲು ಒಂದು ನಿಮಿಷ, ನೇರ ಹೋಗಲು ಒಂದು, ಮತ್ತೆ ಹೊರಳಲು ಒಂದು, ಬಿಂದುವಿಗೆ ವಾಪಸ್ ಬರಲು ಇನ್ನೊಂದು. ಒಟ್ಟು 4 ನಿಮಿಷ. 14,000 ಅಡಿಗಿಂತ ಮೇಲಿದ್ದರೆ ನೇರ ಹಾದಿಗೆ ಒಂದೂವರೆ ನಿಮಿಷ. ಲಂಡನ್ನಿನ ಹೀಥ್ರೂ ಸುತ್ತ ಬೋವಿಂಗ್ಡನ್, ಬಿಗಿನ್ ಹಿಲ್ ಮುಂತಾದ ಕಡೆ 1,000 ಅಡಿ ಅಂತರದಲ್ಲಿ ಒಂದರ ಮೇಲೊಂದು ವಿಮಾನ ಸುತ್ತುತ್ತಿರುತ್ತದೆ. ತಳದ್ದು ಇಳಿಯಲು ಹೊರಟರೆ ಮೇಲಿನವು ಒಂದೊಂದು ಮೆಟ್ಟಿಲು ಕೆಳಗೆ ಬರುತ್ತವೆ.

ಗಾಳಿ ಬೀಸದಿದ್ದರೆ ಇದು ಸುಲಭ. ಅಡ್ಡಗಾಳಿ ಇದ್ದರೆ ಇಡೀ ಟ್ರ್ಯಾಕ್ ಪಕ್ಕಕ್ಕೆ ಕೊಚ್ಚಿಹೋಗುತ್ತದೆ. ಇಲ್ಲೊಂದು ಲೆಕ್ಕ ಇದೆ, ನನಗೆ ತುಂಬ ಇಷ್ಟ. ಬಿಂದುವಿನ ಕಡೆಗೆ ನೇರ ಬರಲು ಮೂತಿಯನ್ನು 5 ಡಿಗ್ರಿ ಗಾಳಿಯ ಕಡೆಗೆ ತಿರುಗಿಸಬೇಕಾಯಿತು ಅನ್ನಿ. ದೂರ ಹೋಗುವಾಗ 15 ಡಿಗ್ರಿ ತಿರುಗಿಸಬೇಕು, ಅಂದರೆ ಮೂರು ಪಟ್ಟು. ಯಾಕೆ? ಹೊರಳುವ ಎರಡು ನಿಮಿಷ ಗಾಳಿ ತಳ್ಳಿದ್ದೇ ತಳ್ಳಿದ್ದು, ಆಗ ತಿದ್ದಲು ಆಗುವುದಿಲ್ಲ. ಆ ಎರಡು ನಿಮಿಷದ ಸಾಲವನ್ನೂ ಈ ಒಂದು ನಿಮಿಷದಲ್ಲೇ ತೀರಿಸಬೇಕು. ದೊಡ್ಡ ವಿಮಾನಗಳಲ್ಲಿ ಈಗ ಕಂಪ್ಯೂಟರ್ ಇದನ್ನು ಮಾಡುತ್ತದೆ. ಪುಟ್ಟ ವಿಮಾನದಲ್ಲಿ ಕಲಿಯುವವರು ಇಂದಿಗೂ ಸ್ಟಾಪ್‌ವಾಚ್ ಒತ್ತಿ, ಒಂದೊಂದು ಸುತ್ತಿಗೂ ತಿದ್ದಿಕೊಳ್ಳುತ್ತಾ ಕಲಿಯುತ್ತಾರೆ.

ಸುತ್ತು ಎಷ್ಟೇ ಸರಿಯಾಗಿದ್ದರೂ ಇಂಧನ ಉರಿಯುತ್ತಲೇ ಇರುತ್ತದೆ. 1990ರ ಜನವರಿ 25ರ ರಾತ್ರಿ ಕೊಲಂಬಿಯಾದಿಂದ ನ್ಯೂಯಾರ್ಕ್‌ಗೆ ಬರುತ್ತಿದ್ದ ಆವಿಯಾಂಕಾ 52 ವಿಮಾನವನ್ನು ಮೂರು ಕಡೆ ಕಾಯಿಸಿದರು. ಎಲ್ಲ ಸೇರಿ 1 ಗಂಟೆ 17 ನಿಮಿಷ. ಆಮೇಲೆ ಮೊದಲ ಸಲ ಇಳಿಯಲು ಹೋಗಿ ಆಗಲಿಲ್ಲ. ಎರಡನೇ ಸಲ ಬರುವಷ್ಟರಲ್ಲಿ ನಾಲ್ಕೂ ಎಂಜಿನ್ ನಿಂತವು. ಲಾಂಗ್ ಐಲ್ಯಾಂಡಿನ ಗುಡ್ಡಕ್ಕೆ ಬಿದ್ದ ಆ ವಿಮಾನದಲ್ಲಿದ್ದ 158 ಜನರಲ್ಲಿ 73 ಮಂದಿ ತೀರಿಕೊಂಡರು. ಇಂಧನ ಮುಗಿಯುತ್ತಿದೆ, ನಮಗೆ ಆದ್ಯತೆ ಕೊಡಿ ಅಂತ ಸಹಪೈಲಟ್ ಹೇಳಿದ್ದರು. 'ಎಮರ್ಜೆನ್ಸಿ' ಅನ್ನುವ ಮಾತು ಮಾತ್ರ ಅವರ ಬಾಯಿಂದ ಬರಲಿಲ್ಲ. ಕೆಳಗಿದ್ದ ವಿಮಾನ ಸಂಚಾರ ನಿಯಂತ್ರಕರಿಗೆ ಪರಿಸ್ಥಿತಿ ಅಷ್ಟು ಕೆಟ್ಟಿದೆ ಅಂತ ತಿಳಿಯಲೇ ಇಲ್ಲ. ಇದನ್ನು ನೆನೆದಾಗಲೆಲ್ಲ ಸಂಕಟವಾಗುತ್ತದೆ.

ಇವತ್ತು ಇದಕ್ಕೆ ಗೊತ್ತಾದ ಮಾತುಗಳಿವೆ. 'ಮಿನಿಮಮ್ ಫ್ಯೂಯೆಲ್' ಅಂದರೆ, ಇನ್ನು ತಡವಾದರೆ ಮೀಸಲು ಇಂಧನಕ್ಕೆ ಕೈಹಾಕಬೇಕಾಗಬಹುದು ಅಂತ. ಜೆಟ್ ವಿಮಾನಕ್ಕೆ ಆ ಮೀಸಲು 30 ನಿಮಿಷದ್ದು. ಅದನ್ನು ಮುಟ್ಟದೆ ಇಳಿಯಲಾಗದು ಅಂತ ಲೆಕ್ಕ ತೋರಿದ ಕೂಡಲೇ ಪೈಲಟ್ 'ಮೇಡೇ, ಮೇಡೇ, ಮೇಡೇ, ಫ್ಯೂಯೆಲ್' ಅಂತ ಅಪಾಯದ ಕರೆ ಕೊಡಲೇಬೇಕು. ಹಾಗಂದ ವಿಮಾನಕ್ಕೆ ಉಳಿದವರು ದಾರಿ ಬಿಡುತ್ತಾರೆ.

ನಮಸ್ಕಾರ.