ಹಿಂಡಲಗಾ ಗೇಟಿನೊಳಗೆ ಕೇಕ್ ಹೋಗುತ್ತದೆ, ಜಾಮೀನುದಾರ ಏಕೆ ಹೋಗುವುದಿಲ್ಲ?

(ದೃಶ್ಯ: ಬೆಳಗಾವಿಯ ಹಿಂಡಲಗಾ. ಜೈಲಿನ ಹೊರಗೋಡೆ. ಚೀಲ ಹಿಡಿದು ಮುಲಾಖಾತಿಗೆ ಕಾದು ಕುಳಿತ ಹೆಂಗಸರು.)

ಬೆಳಗಾವಿಯವರಿಗೆ ಹಿಂಡಲಗಾ ಎಂದರೆ ಊರಿಗಿಂತ ಮೊದಲು ಜೈಲು ನೆನಪಾಗುತ್ತದೆ. 1923ರಿಂದ ಇಲ್ಲಿರುವ ಕಾರಾಗೃಹ ಅದು. ಕ್ರಿಸ್ಮಸ್ ಬಂತೆಂದರೆ ಚರ್ಚಿನ ತಂಡಗಳು ಜೈಲುಗಳಿಗೆ ಹೋಗುತ್ತವೆ, ಹಾಡುತ್ತವೆ, ಕೇಕ್ ಹಂಚುತ್ತವೆ. ಅದು ಒಳ್ಳೆಯ ಕೆಲಸ. ಆದರೆ ಕೇಕ್ ತಿಂದ ಹುಡುಗ ಮುಂದಿನ ಕ್ರಿಸ್ಮಸ್ಸಿಗೂ ಅದೇ ಬ್ಯಾರಕ್ಕಿನಲ್ಲಿ ಏಕೆ ಕುಳಿತಿರುತ್ತಾನೆ? ಇವತ್ತಿನ ವಿಡಿಯೋ ಅದರ ಬಗ್ಗೆ.

ಒಂದು ಉದಾಹರಣೆ ಕಟ್ಟಿಕೊಳ್ಳೋಣ. ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕಿನ ಹುಡುಗನೊಬ್ಬ ಕಬ್ಬು ಕಡಿಯುವ ಗ್ಯಾಂಗಿನ ಜೊತೆ ಗೋಕಾಕ ಕಡೆಗೆ ಬರುತ್ತಾನೆ. ಹೊಲದಲ್ಲಿದ್ದ ಪಂಪ್‌ಸೆಟ್ ಮೋಟರ್ ಕದ್ದನೆಂದು ಅವನ ಮೇಲೆ ದೂರು. ಕೆಲವು ವಾರಗಳಲ್ಲಿ ಜಾಮೀನು ಸಿಗುತ್ತದೆ: 50 ಸಾವಿರ ರೂಪಾಯಿಯ ಬಾಂಡ್, ಒಬ್ಬ ಜಾಮೀನುದಾರ, ಅಂದರೆ ಹುಡುಗ ಕೋರ್ಟಿಗೆ ಬರದಿದ್ದರೆ ಆ ಹಣಕ್ಕೆ ಆಸ್ತಿ ತೋರಿಸಿ ಹೊಣೆಯಾಗುವವನು. ಅಷ್ಟರಲ್ಲಿ ಹಂಗಾಮು ಮುಗಿದು ಗ್ಯಾಂಗಿನವರು ಊರಿಗೆ ಹೋಗಿರುತ್ತಾರೆ. ತಾಯಿಗೆ ಸ್ವಂತ ಹೊಲವಿಲ್ಲ. ಹೊಲವಿದ್ದವರು, ಕಂಡವರ ಮಗನಿಗಾಗಿ ನಮ್ಮ ಹೊಲದ ಉತಾರ ಕೋರ್ಟಿಗೆ ಏಕೆ ಕೊಡಬೇಕು ಎನ್ನುತ್ತಾರೆ. ನ್ಯಾಯಾಧೀಶರು ಬಿಡಲು ಒಪ್ಪಿ ಆಗಿದೆ. ಹುಡುಗ ಮಾತ್ರ ಒಳಗೇ ಇದ್ದಾನೆ.

(ಪರದೆಯ ಮೇಲೆ: 5,73,220 ಕೈದಿಗಳು. 4,34,302 ವಿಚಾರಣಾಧೀನರು.)

ಇದು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಕೊಟ್ಟಿರುವ 2022ರ ಲೆಕ್ಕ. ದೇಶದ ಜೈಲುಗಳಲ್ಲಿ ನಾಲ್ವರಲ್ಲಿ ಮೂವರ ಅಪರಾಧ ಇನ್ನೂ ಸಾಬೀತಾಗಿರಲಿಲ್ಲ.

ಹಾಗೆಂದು ಕಾನೂನು ಕೈಕಟ್ಟಿ ಕುಳಿತಿಲ್ಲ. 2023ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿತು: ಜಾಮೀನು ಸಿಕ್ಕ 7 ದಿನದೊಳಗೆ ಕೈದಿ ಹೊರಗೆ ಬರದಿದ್ದರೆ ಜೈಲಿನ ಅಧೀಕ್ಷಕರು ಉಚಿತ ಕಾನೂನು ನೆರವು ಕೊಡುವ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ತಿಳಿಸಬೇಕು, ಒಂದು ತಿಂಗಳಾದರೂ ಬಾಂಡ್ ಕೊಡಲಾಗದಿದ್ದರೆ ನ್ಯಾಯಾಲಯ ತಾನಾಗಿಯೇ ಷರತ್ತು ಸಡಿಲಿಸುವ ಬಗ್ಗೆ ಯೋಚಿಸಬಹುದು. ಬಡ ಕೈದಿಗಳ ಜಾಮೀನಿಗೆ ಹಣದ ನೆರವು ಕೊಡುವ ಕೇಂದ್ರದ ಯೋಜನೆಯೂ ಇದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 479ನೇ ಕಲಮಿನ ಪ್ರಕಾರ, ಹಿಂದೆ ಶಿಕ್ಷೆಯಾಗಿರದವನು ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗವನ್ನು ಜೈಲಿನಲ್ಲಿ ಕಳೆದರೆ ಬಿಡುಗಡೆಗೆ ಅರ್ಹ. ಸಾಮಾನ್ಯ ಕಳ್ಳತನಕ್ಕೆ ಗರಿಷ್ಠ 3 ವರ್ಷ. ಅಂದರೆ ನಮ್ಮ ಹುಡುಗನಿಗೆ 1 ವರ್ಷ. ಮರಣದಂಡನೆ ಅಥವಾ ಜೀವಾವಧಿ ವಿಧಿಸಬಹುದಾದ ಅಪರಾಧಗಳಿಗೆ ಇದು ಅನ್ವಯಿಸುವುದಿಲ್ಲ. ಒಂದಕ್ಕಿಂತ ಹೆಚ್ಚು ಪ್ರಕರಣಗಳು ಬಾಕಿ ಇರುವವರಿಗೂ ಇಲ್ಲ.

ಕಾಗದದ ಮೇಲೆ ಎಲ್ಲವೂ ಇದೆ. ಇಂಡಿಯ ಆ ತಾಯಿಯ ಮನೆ ಬಾಗಿಲಿಗೆ ಹೋಗಿ ಇದನ್ನು ಹೇಳುವವರು ಇಲ್ಲ. ವಿಜಯಪುರದಿಂದ ಬೆಳಗಾವಿಗೆ ಸುಮಾರು 200 ಕಿಲೋಮೀಟರ್. ಒಂದು ಮುಲಾಖಾತಿಗೆ ಎರಡು ದಿನದ ಕೂಲಿ ಹೋಗುತ್ತದೆ. ಚರ್ಚಿನ ಬಲ ಇರುವುದು ಇಲ್ಲಿಯೇ ಎಂದು ನನಗೆ ಗಟ್ಟಿಯಾಗಿ ಅನ್ನಿಸುತ್ತದೆ. ಅದಕ್ಕೆ ಜೈಲಿನ ಊರಿನಲ್ಲಿಯೂ ಜನರಿದ್ದಾರೆ, ಕೈದಿಯ ಊರಿನ ಆಸುಪಾಸಿನಲ್ಲಿಯೂ ಜನರಿದ್ದಾರೆ. ಇಲ್ಲಿ ಒಬ್ಬ ಸಿಸ್ಟರ್ ಹೆಸರು ಬರೆದುಕೊಂಡರೆ ಅಲ್ಲಿ ಒಬ್ಬ ಫಾದರ್ ಮನೆ ಹುಡುಕಬಲ್ಲರು. ಕೈದಿಯ ಧರ್ಮ ಯಾವುದೆಂದು ಕೇಳಬೇಕಾದ ಕೆಲಸ ಇದಲ್ಲ.

ಈ ದಾರಿ ಹೊಸದೇನೂ ಅಲ್ಲ. 'ಸೆರೆಯಲ್ಲಿದ್ದಾಗ ನನ್ನ ಬಳಿಗೆ ಬಂದಿರಿ' ಎಂಬ ಯೇಸುವಿನ ಮಾತು ಮತ್ತಾಯನ ಶುಭಸಂದೇಶದ 25ನೇ ಅಧ್ಯಾಯದಲ್ಲಿದೆ. 1981ರಲ್ಲಿ ಕೇರಳದ ಪುಟ್ಟ ಪ್ರಾರ್ಥನಾ ಗುಂಪಿನಿಂದ ಹುಟ್ಟಿದ ಪ್ರಿಸನ್ ಮಿನಿಸ್ಟ್ರಿ ಇಂಡಿಯಾ ಇಂದು ದೇಶದಾದ್ಯಂತ ಜೈಲುಗಳಿಗೆ ಹೋಗುತ್ತದೆ. ಜಾರ್ಖಂಡಿನಲ್ಲಿ ಜೆಸ್ವಿಟ್ ಪಾದ್ರಿ ಸ್ಟ್ಯಾನ್ ಸ್ವಾಮಿ ವಿಚಾರಣಾಧೀನ ಆದಿವಾಸಿಗಳ ಪರವಾಗಿ ಹೈಕೋರ್ಟ್ ಮೆಟ್ಟಿಲೇರಿದರು. ಮುಂದೆ ಅವರೇ ವಿಚಾರಣಾಧೀನ ಕೈದಿಯಾದರು. ಪಾರ್ಕಿನ್ಸನ್ ಕಾಯಿಲೆಯಿಂದ ಕೈ ನಡುಗುತ್ತದೆ, ನೀರು ಕುಡಿಯಲು ಸ್ಟ್ರಾ ಬೇಕು ಎಂದು ಕೋರ್ಟಿಗೆ ಅರ್ಜಿ ಹಾಕಬೇಕಾಯಿತು. 2021ರ ಜುಲೈ 5ರಂದು, 84ನೇ ವಯಸ್ಸಿನಲ್ಲಿ, ಜಾಮೀನಿಗಾಗಿ ಕಾಯುತ್ತಲೇ ಅವರು ತೀರಿಕೊಂಡರು. ಇದನ್ನು ಓದುವಾಗ ಇಂದಿಗೂ ನನ್ನ ಗಂಟಲು ಕಟ್ಟುತ್ತದೆ.

(ದೃಶ್ಯ: ಮತ್ತೆ ಹಿಂಡಲಗಾ. ಸಂಜೆ.)

ಇದೇ ಜೈಲಿನಲ್ಲಿ ಮರಣದಂಡನೆಗೆ ಗುರಿಯಾದ ಒಬ್ಬನನ್ನು ಸುಮಾರು ಹತ್ತು ವರ್ಷ ಏಕಾಂತ ಸೆರೆಯಲ್ಲಿ ಇಡಲಾಗಿತ್ತು. ಅದು ಕಾನೂನುಬಾಹಿರ ಎಂದ ಸುಪ್ರೀಂ ಕೋರ್ಟ್, 2022ರ ನವೆಂಬರಿನಲ್ಲಿ ಅವನ ಗಲ್ಲನ್ನು ಜೀವಾವಧಿಗೆ ಇಳಿಸಿತು. ಅವನ ಅಪರಾಧಗಳು ಘೋರವಾಗಿದ್ದವು, ಅವನಿಂದ ನೊಂದವರ ದುಃಖ ಯಾವ ತೀರ್ಪಿನಿಂದಲೂ ಅಳಿಯುವುದಿಲ್ಲ. ಆದರೂ 2018ರಲ್ಲಿ ಪೋಪ್ ಫ್ರಾನ್ಸಿಸ್ ಕಥೋಲಿಕ ಧರ್ಮೋಪದೇಶವನ್ನೇ ತಿದ್ದಿಸಿ, ಮರಣದಂಡನೆಯನ್ನು ಒಪ್ಪಲಾಗದು ಎಂದು ಬರೆಸಿದರು. ಘೋರ ಅಪರಾಧ ಮಾಡಿದವನೂ ಮನುಷ್ಯನೇ ಎಂಬುದನ್ನು ಅವರು ಬಿಟ್ಟುಕೊಡಲಿಲ್ಲ. ನಾನೂ ಬಿಟ್ಟುಕೊಡಲಾರೆ.

ಈ ಸಲ ಕೇಕ್ ಒಯ್ಯುವ ತಂಡಗಳಿಗೆ ಒಂದು ಕೋರಿಕೆ: ಜೊತೆಗೆ ಒಂದು ನೋಟ್‌ಬುಕ್ ಒಯ್ಯಿರಿ. ಅಧಿಕಾರಿಗಳ ಅನುಮತಿ ಪಡೆದು ಬರೆದುಕೊಳ್ಳಿ: ಬಂಧನವಾದ ದಿನ ಯಾವುದು, ಕಲಮು ಯಾವುದು, ಜಾಮೀನು ಸಿಕ್ಕಿದೆಯೇ, ಸಿಕ್ಕಿದ್ದರೆ ಇನ್ನೂ ಒಳಗಿರುವುದು ಏಕೆ, ಊರಿನಲ್ಲಿ ಯಾರಿದ್ದಾರೆ. ಬಂಧನದಲ್ಲಿರುವ ಯಾರಿಗೇ ಆದರೂ, ಆದಾಯ ಎಷ್ಟೇ ಇರಲಿ, 1987ರ ಕಾನೂನು ಸೇವೆಗಳ ಕಾಯ್ದೆಯಡಿ ಉಚಿತ ವಕೀಲರನ್ನು ಪಡೆಯುವ ಹಕ್ಕಿದೆ. ಸಹಾಯವಾಣಿ 15100. ಬರೆದುಕೊಂಡ ಹೆಸರುಗಳನ್ನು ಆ ವಾರವೇ ಕಾನೂನು ಸೇವಾ ಪ್ರಾಧಿಕಾರಕ್ಕೆ ಮುಟ್ಟಿಸಿ, ಜಾಮೀನು ಸಿಕ್ಕೂ ಹೊರಗೆ ಬರದವರಿಂದ ಮೊದಲುಮಾಡಿ.