ಹಿಂದಿನ ಸೀಟಿನಲ್ಲಿ ಯಾರಿದ್ದರು?

ಸ್ನೇಹಿತರೇ,

ಕಾಲೇಜು ಹುಡುಗ ಹುಡುಗಿಯರ ಸ್ನೇಹ, ನಂಬಿಕೆ, ಮೋಸಗಳನ್ನು ಇಟ್ಟುಕೊಂಡು ಥ್ರಿಲ್ಲರ್ ಬರೆಯಲು ಹೊರಟವರು ನಿಮ್ಮಲ್ಲಿ ಹಲವರಿದ್ದೀರಿ. ಇಂಥ ಕಥೆಗಳಲ್ಲಿ ಸಾಮಾನ್ಯವಾಗಿ ಒಬ್ಬ ಮಹಾ ಚಾಣಾಕ್ಷ ಇರುತ್ತಾನೆ. ಉಳಿದವರೆಲ್ಲ ಅವನು ಆಡಿಸಿದಂತೆ ಆಡುತ್ತಾರೆ. ಈ ಏರ್ಪಾಡಿನ ಬಗ್ಗೆ ನನಗೊಂದು ತಕರಾರಿದೆ. ಅದನ್ನು ಹೇಳಲು ನೂರು ವರ್ಷ ಹಿಂದಿನ ಒಂದು ನಿಜ ಪ್ರಕರಣವನ್ನು ಎತ್ತಿಕೊಳ್ಳುತ್ತೇನೆ.

1924ರ ಮೇ 21, ಅಮೆರಿಕದ ಷಿಕಾಗೋ. ಹದಿನಾಲ್ಕರ ಹುಡುಗ ಬಾಬಿ ಫ್ರಾಂಕ್ಸ್ ಶಾಲೆಯಿಂದ ಮನೆಗೆ ನಡೆದು ಹೋಗುತ್ತಿದ್ದ. ಪಕ್ಕದಲ್ಲಿ ಒಂದು ಬಾಡಿಗೆ ಕಾರು ನಿಂತಿತು. ಒಳಗಿದ್ದ ರಿಚರ್ಡ್ ಲೋಬ್ ಅವನ ದೂರದ ಸಂಬಂಧಿ, ಅದೇ ಬಡಾವಣೆಯವನು; ಲೋಬ್ ಮನೆಯ ಅಂಕಣದಲ್ಲಿ ಬಾಬಿ ಟೆನಿಸ್ ಆಡಿದ್ದೂ ಉಂಟು. ಮನೆಗೆ ಬಿಡುತ್ತೇನೆ ಎಂದಾಗ ಹುಡುಗ ಒಪ್ಪಲಿಲ್ಲ, ಮನೆ ಹತ್ತಿರದಲ್ಲೇ ಇತ್ತು. ಟೆನಿಸ್ ರ‍್ಯಾಕೆಟ್ ವಿಚಾರ ಮಾತನಾಡಬೇಕಿತ್ತು ಎಂದು ಲೋಬ್ ಹೇಳಿದ ಮೇಲೆ ಹತ್ತಿದ. ಸ್ವಲ್ಪ ಹೊತ್ತಿಗೆಲ್ಲ ಅವನನ್ನು ಉಳಿಯಿಂದ ಹೊಡೆದು ಕೊಂದರು.

ಬರೆಯುವವರು ಆ ರ‍್ಯಾಕೆಟ್ಟನ್ನು ಗಮನಿಸಬೇಕು. ಬೆದರಿಕೆ ಇಲ್ಲ, ಆಮಿಷವೂ ಇಲ್ಲ. ಇಬ್ಬರಿಗೂ ಗೊತ್ತಿರುವ ಒಂದು ವಸ್ತು, ಅಷ್ಟೇ ಸಾಕಾಯಿತು.

ಕಾರಿನಲ್ಲಿದ್ದ ಇನ್ನೊಬ್ಬ ನೇಥನ್ ಲಿಯೋಪೋಲ್ಡ್. ವಯಸ್ಸು 19, ಷಿಕಾಗೋ ವಿಶ್ವವಿದ್ಯಾಲಯದಲ್ಲಿ ಕಾನೂನು ವಿದ್ಯಾರ್ಥಿ, ಹಕ್ಕಿಗಳ ವಿಷಯದಲ್ಲಿ ಪಂಡಿತ. ಲೋಬ್‌ಗೆ 18, ಮಿಷಿಗನ್ ವಿಶ್ವವಿದ್ಯಾಲಯದ ಪದವಿಯನ್ನು ಹದಿನೇಳಕ್ಕೇ ಮುಗಿಸಿದ್ದ. ಇಬ್ಬರೂ ಕೋಟ್ಯಧೀಶರ ಮಕ್ಕಳು. ಆದರೂ ಬಾಬಿಯ ತಂದೆಗೆ 10,000 ಡಾಲರ್ ಕೇಳಿ ಪತ್ರ ಬರೆದರು. ಹಣ ಅವರಿಗೆ ಬೇಕಿರಲಿಲ್ಲ, ಆಟ ಬೇಕಿತ್ತು.

ಸಿಕ್ಕಿಬಿದ್ದ ಬಗೆಯನ್ನು ಬೇಗ ಹೇಳಿಬಿಡುತ್ತೇನೆ. ಶವದ ಬಳಿ ಲಿಯೋಪೋಲ್ಡ್‌ನ ಕನ್ನಡಕ ಬಿದ್ದಿತ್ತು. ಅಂಥ ಕೀಲಿನ ಕನ್ನಡಕ ಷಿಕಾಗೋದಲ್ಲಿ ಮಾರಾಟವಾಗಿದ್ದದ್ದು ಮೂರೇ ಮೂರು. ಹಕ್ಕಿ ನೋಡಲು ಹೋದಾಗ ಬಿದ್ದಿರಬೇಕು ಎಂದ. ಆ ದಿನ ನನ್ನ ಕಾರಿನಲ್ಲಿ ಹುಡುಗಿಯರ ಜೊತೆ ಸುತ್ತುತ್ತಿದ್ದೆವು ಎಂದೂ ಹೇಳಿದ. ಆಗ ಅವನ ಮನೆಯ ಕಾರು ಚಾಲಕ ಮುಂದೆ ಬಂದ. ಆ ದಿನ ಚಿಕ್ಕ ಯಜಮಾನರ ಕಾರಿನ ಬ್ರೇಕನ್ನು ನಾನೇ ಸರಿಮಾಡುತ್ತಿದ್ದೆ, ಕಾರು ಶೆಡ್ಡಿನಿಂದ ಆಚೆಗೆ ಹೋಗಲೇ ಇಲ್ಲ ಎಂದ. ಅವರನ್ನು ಉಳಿಸುತ್ತಿದ್ದೇನೆ ಎಂದೇ ಅವನು ನಂಬಿದ್ದ! ಇನ್ನೊಂದು ಸಾಕ್ಷ್ಯ ಸಿಕ್ಕಿದ್ದು ಸಹಪಾಠಿಗಳಲ್ಲಿ. ಲಿಯೋಪೋಲ್ಡ್ ತನ್ನ ಓದಿನ ಗುಂಪಿಗಾಗಿ ಟೈಪ್ ಮಾಡಿದ್ದ ನೋಟ್ಸ್ ಅವರ ಬಳಿ ಇತ್ತು. ಇಬ್ಬರು ಪತ್ರಕರ್ತರು ಅದನ್ನು ಪಡೆದು ನೋಡಿದರೆ, ಹಣ ಕೇಳಿದ ಪತ್ರದ ಅಕ್ಷರಗಳೂ ಅವೇ.

ತಪ್ಪೊಪ್ಪಿಗೆಯಲ್ಲಿ ಇಬ್ಬರ ಕಥೆಯೂ ಹೆಚ್ಚುಕಡಿಮೆ ಒಂದೇ. ಮುಖ್ಯ ವ್ಯತ್ಯಾಸವಿದ್ದದ್ದು ಒಂದು ಕಡೆ: ಹಿಂದಿನ ಸೀಟಿನಲ್ಲಿ ಕುಳಿತು ಹೊಡೆದವನು ಅವನು, ನಾನು ಕಾರು ಓಡಿಸುತ್ತಿದ್ದೆ ಎಂದು ಇಬ್ಬರೂ ಹೇಳಿದರು.

ಹಾಗಾದರೆ ಇವರಲ್ಲಿ ಆಡಿಸಿದವನು ಯಾರು? ಮೇಲ್ನೋಟಕ್ಕೆ ಲೋಬ್. ರೂಪವಂತ, ಮಾತುಗಾರ, ಪತ್ತೇದಾರಿ ಕಥೆಗಳ ಹುಚ್ಚಿನವನು; ಅಪರಾಧದ ಯೋಚನೆಗಳೆಲ್ಲ ಅವನವೇ. ಲಿಯೋಪೋಲ್ಡ್ ಅವನನ್ನು ಆರಾಧಿಸುತ್ತಿದ್ದ. ಸಾಮಾನ್ಯರ ಕಾನೂನು ಅತಿಮಾನವನಿಗೆ ಅನ್ವಯಿಸದು ಎಂಬ, ಜರ್ಮನ್ ತತ್ವಜ್ಞಾನಿ ನೀಚೆಯಿಂದ ಹೆಕ್ಕಿಕೊಂಡ ವಾದವನ್ನು ಅವನಿಗೆ ಪತ್ರದಲ್ಲಿ ಬರೆದ. (ನೀಚೆಯನ್ನು ಅರ್ಧ ಓದಿದವರ ಕೈಗೆ ಅವನು ಸಿಗಬಾರದು, ಅದು ಬೇರೆ ಮಾತು.)

ಆದರೆ ಪ್ರತಿವಾದಿಗಳ ಪರವಾಗಿ ಮನೋವೈದ್ಯರು ಕೊಟ್ಟ ವರದಿಯಲ್ಲಿ ಲಿಯೋಪೋಲ್ಡ್‌ನ ಒಂದು ಹಗಲುಗನಸಿದೆ. ಅದರಲ್ಲಿ ಒಬ್ಬ ರಾಜ, ಒಬ್ಬ ಗುಲಾಮ. ಹೆಚ್ಚಾಗಿ ತಾನೇ ಗುಲಾಮ. ಗುಲಾಮ ರಾಜನ ಪ್ರಾಣ ಉಳಿಸುತ್ತಾನೆ. ರಾಜ ಬಿಡುಗಡೆ ಕೊಡುತ್ತೇನೆ ಎನ್ನುತ್ತಾನೆ, ಗುಲಾಮ ಬೇಡ ಎನ್ನುತ್ತಾನೆ. ಇದನ್ನು ಯಾರಾದರೂ ಕಾದಂಬರಿಯಲ್ಲಿ ಬರೆದಿದ್ದರೆ ಅತಿಯಾಯಿತು ಎಂದು ನಾನೇ ಗೆರೆ ಎಳೆಯುತ್ತಿದ್ದೆ. ಆ ಗುಲಾಮ ಇಲ್ಲದಿದ್ದರೆ ರಾಜ ಎಂದೋ ಸತ್ತಿರುತ್ತಿದ್ದ, ನೋಡಿ. ನಿಜ ಜೀವನದಲ್ಲೂ ಲೋಬ್‌ಗೆ ತನ್ನ ಸಾಹಸ ನೋಡಲು, ಜೊತೆಗಿರಲು ಒಬ್ಬ ಬೇಕಿತ್ತು. ಲಿಯೋಪೋಲ್ಡ್‌ಗೆ ಲೋಬ್‌ನ ದೇಹ, ಸಾಮೀಪ್ಯ ಬೇಕಿತ್ತು. ಅಂದಿನ ಪತ್ರಿಕೆಗಳು ಅಚ್ಚು ಹಾಕಲು ಹಿಂಜರಿದ ಈ ಕೊಡುಕೊಳ್ಳುವಿಕೆಯ ಮೇಲೆ ಅವರ ಸ್ನೇಹ ನಿಂತಿತ್ತು. 1923ರ ನವೆಂಬರ್‌ನಲ್ಲಿ ಮಿಷಿಗನ್‌ನ ಒಂದು ವಿದ್ಯಾರ್ಥಿ ನಿವಾಸಕ್ಕೆ ಕನ್ನ ಹಾಕಿ, ಮುಂದೆ ಹಣ ಕೇಳುವ ಪತ್ರ ಬರೆದ ಟೈಪ್‌ರೈಟರನ್ನೂ ಕದ್ದು ಹಿಂತಿರುಗುವಾಗ ಜಗಳವಾಡಿ, ಆಮೇಲೆ ಷರತ್ತುಗಳನ್ನು ಹಾಕಿಕೊಂಡೇ ರಾಜಿಯಾದರು.

ನನ್ನ ತಕರಾರು ಇಷ್ಟೇ: ಇಂಥ ಜೋಡಿಗಳಲ್ಲಿ ಮರುಳಾದಂತೆ ಕಾಣುವವನಿಗೂ ಬೇಕಾದದ್ದೇನೋ ದಕ್ಕುತ್ತಿರುತ್ತದೆ. ಅದೇನೆಂದು ಕಂಡುಕೊಳ್ಳದೆ ಬರೆದರೆ ನಿಮ್ಮ ಚಾಣಾಕ್ಷ ಬರೀ ಮಾಟಗಾರನಾಗುತ್ತಾನೆ. ಇದನ್ನು ಮೋಸಹೋದ ಎಲ್ಲರಿಗೂ ಅಂಟಿಸಬೇಡಿ. ಬಾಬಿಗೆ ಏನೂ ಬೇಕಿರಲಿಲ್ಲ. ಪರಿಚಯದವನೆಂದು ಕಾರು ಹತ್ತಿದ, ಅಷ್ಟೇ.

ವಕೀಲ ಕ್ಲಾರೆನ್ಸ್ ಡ್ಯಾರೋ ಮೂರು ದಿನಗಳಲ್ಲಿ ಹರಡಿದ ವಾದ ಮಂಡಿಸಿ ಇಬ್ಬರನ್ನೂ ಗಲ್ಲಿನಿಂದ ಉಳಿಸಿದರು. ಜೀವಾವಧಿಯ ಜೊತೆಗೆ 99 ವರ್ಷ ಶಿಕ್ಷೆಯಾಯಿತು. 1936ರಲ್ಲಿ ಲೋಬ್ ಜೈಲಿನಲ್ಲೇ ಇನ್ನೊಬ್ಬ ಕೈದಿಯಿಂದ ಕೊಲೆಯಾದ. ಲಿಯೋಪೋಲ್ಡ್ 1958ರಲ್ಲಿ ಪೆರೋಲ್ ಮೇಲೆ ಹೊರಬಂದ. ಅಷ್ಟರಲ್ಲಿ, ಅದೇ ವಿಶ್ವವಿದ್ಯಾಲಯದಲ್ಲಿ ಅದೇ ಕಾಲಕ್ಕೆ ಓದಿದ್ದ ಮೇಯರ್ ಲೆವಿನ್ ಈ ಪ್ರಕರಣವನ್ನು ಕಾದಂಬರಿ ಮಾಡಿಯಾಗಿತ್ತು. ನಡೆಯದ ಸಂಗತಿಗಳನ್ನು ಸೇರಿಸಿ ನನ್ನ ಬದುಕನ್ನು ಮಾರಿಕೊಂಡಿದ್ದಾರೆ ಎಂದು ಲಿಯೋಪೋಲ್ಡ್ ದಾವೆ ಹೂಡಿದ. 1970ರಲ್ಲಿ ಇಲಿನಾಯ್ ಸುಪ್ರೀಂ ಕೋರ್ಟ್ ಅವನ ವಿರುದ್ಧ ತೀರ್ಪು ಕೊಟ್ಟಿತು.

ಈಗ ನಿಮ್ಮ ಪ್ರಶ್ನೆಗಳನ್ನು ಕೇಳಿ.